ಮಾತ್ರೆ ಬೇಕು ಅನ್ನುವ ಶಾಲೆ, ಮಾತ್ರೆ ಮುಟ್ಟದ ಶಾಲೆ

ಹೋದ ವರ್ಷ ಜೂನ್‌ನಿಂದ ಈ ವರ್ಷ ಮಾರ್ಚ್‌ವರೆಗೆ, ಶಾಲೆ ಇದ್ದ ಪ್ರತಿ ದಿನ, ಮಧ್ಯಾಹ್ನ 12.40ಕ್ಕೆ ನಾನು ಮಗನ ಶಾಲೆಯ ಗೇಟಿನ ಹೊರಗೆ ನಿಂತಿರುತ್ತಿದ್ದೆ. ಕೈಯಲ್ಲಿ ನೀರಿನ ಬಾಟಲಿ. ಪರ್ಸಿನಲ್ಲಿ ಕುಂಕುಮ ಇಡುವಂಥ ಒಂದು ಪುಟ್ಟ ಸ್ಟೀಲ್ ಡಬ್ಬಿ, ಅದರೊಳಗೆ ಒಂದೇ ಒಂದು ಮಾತ್ರೆ. ಊಟದ ಬೆಲ್ ಹೊಡೆದ ತಕ್ಷಣ ಅವನು ಓಡಿ ಬರುತ್ತಿದ್ದ. ನಾನು ಒಳಗೆ ಹೋಗುವ ಹಾಗಿರಲಿಲ್ಲ, ಅವನು ಹೊರಗೆ ಬರುವ ಹಾಗಿರಲಿಲ್ಲ. ಗೇಟಿನ ಸರಳುಗಳ ಸಂದಿಯಲ್ಲಿ ಕೈ ತೂರಿಸಿ ಮಾತ್ರೆ ಕೊಡುತ್ತಿದ್ದೆ. ಬಾಯಿಗೆ ಹಾಕಿಕೊಂಡು, ನೀರು ಕುಡಿದು, ನುಂಗಿದ್ದೇನೆ ಅಂತ ಬಾಯಿ ತೆರೆದು ತೋರಿಸಿ ವಾಪಸ್ ಓಡುತ್ತಿದ್ದ. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಅದಕ್ಕಾಗಿ ನಾನು ಆಫೀಸಿನಿಂದ ಸ್ಕೂಟರಿನಲ್ಲಿ ಆರು ಕಿಲೋಮೀಟರ್ ಬಂದು ಮತ್ತೆ ಆರು ಕಿಲೋಮೀಟರ್ ಹೋಗಬೇಕಿತ್ತು. ಮಳೆ ಬಂದ ದಿನ ಗೇಟಿನ ಸೆಕ್ಯೂರಿಟಿ ತಾತ ತಮ್ಮ ಕೊಡೆಯನ್ನು ಸರಳುಗಳ ಮೇಲೆ ಹಿಡಿಯುತ್ತಿದ್ದರು, ಮಾತ್ರೆ ನೆನೆಯಬಾರದು ಅಂತ.

ಆ ಹುಡುಗನಿಗೆ ಮಾತ್ರೆ ಬೇಕು ಅಂತ ಮೊದಲು ಹೇಳಿದ್ದು ಅದೇ ಶಾಲೆ. ಅದನ್ನು ನಾವು ಮುಟ್ಟಲ್ಲ ಅಂದಿದ್ದೂ ಅದೇ ಶಾಲೆ.

ನನ್ನ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ ಇದೆ. ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ಕಿವಿಗೆ ಬಿದ್ದರೂ ತಲೆಯಲ್ಲಿ ನಿಲ್ಲುವುದಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುತ್ತಾನೆ. ಮೂರನೇ ಕ್ಲಾಸಿನಲ್ಲಿ ಅವನ ಡೈರಿ ತುಂಬ ಕೆಂಪು ಶಾಯಿ. 'ಡಿಸ್ಟರ್ಬಿಂಗ್ ಅದರ್ಸ್', 'ನಾಟ್ ಕಂಪ್ಲೀಟೆಡ್', 'ಪೇರೆಂಟ್ ಟು ಮೀಟ್'. ಜನವರಿಯಲ್ಲಿ ಪ್ರಿನ್ಸಿಪಾಲ್ ಕರೆಸಿದರು. "ಮೇಡಂ, ಇವನಿಗೆ ಏನಾದ್ರೂ ಟ್ರೀಟ್‌ಮೆಂಟ್ ಕೊಡಿಸಿ. ಟ್ಯಾಬ್ಲೆಟ್ ಇದೆಯಂತಲ್ಲ, ಅದು ಶುರು ಮಾಡಿಸಿ. ಇಲ್ಲಾಂದ್ರೆ ಮುಂದಿನ ವರ್ಷ ಟಿಸಿ ತಗೊಳ್ಳೋದೇ ಒಳ್ಳೇದು" ಅಂದರು. ಅವರು ಕೂಗಾಡಲಿಲ್ಲ. ಕಾಫಿ ತರಿಸಿಕೊಟ್ಟು, ತುಂಬ ಮೆತ್ತಗೆ ಹೇಳಿದರು. ಆದರೆ ಮಾತಿನ ಅರ್ಥ ಒಂದೇ. ಮಾತ್ರೆ ತಗೊಂಡರೆ ಇಲ್ಲಿ ಜಾಗ, ಇಲ್ಲದಿದ್ದರೆ ಇಲ್ಲ. ಆಗಿನ್ನೂ ಯಾವ ಡಾಕ್ಟರೂ ಅವನನ್ನು ನೋಡಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಮಾತ್ರೆಯ ವಿರೋಧಿ ಅಲ್ಲ. ನನ್ನ ಮಗನಿಗೆ ಅದರಿಂದ ಒಳ್ಳೆಯದಾಗಿದೆ, ಅದನ್ನು ಕಣ್ಣಾರೆ ನೋಡಿದ್ದೇನೆ. ಬೇಸಿಗೆ ರಜೆಯಲ್ಲಿ ಶುರು ಮಾಡಿದ ಮೂರನೇ ವಾರ ಅವನು ಒಂದು ಕತೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಎಂಟೂವರೆ ವರ್ಷದ ಹುಡುಗ, ಜೀವನದಲ್ಲಿ ಓದಿ ಮುಗಿಸಿದ ಮೊದಲ ಪುಸ್ತಕ. ಮುಗಿಸಿ ಅಡುಗೆಮನೆಗೆ ಬಂದು "ಅಮ್ಮಾ, ಕೊನೇಲಿ ಏನಾಯ್ತು ಗೊತ್ತಾ" ಅಂತ ಕೇಳಿದಾಗ ನಾನು ಸೌಟು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಯಾವ ಕತೆಯ ಕೊನೆಯೂ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನ ತಕರಾರು ಮಾತ್ರೆ ಮೇಲಲ್ಲ. ಅದನ್ನು ಯಾರು ತೀರ್ಮಾನ ಮಾಡಬೇಕು ಅನ್ನುವುದರ ಮೇಲೆ.

ಈ ವಿಷಯದಲ್ಲಿ ಶಾಲೆಯ ಮಾತಿಗೆ ಬೆಲೆ ಇಲ್ಲ ಅಂತ ಯಾರೂ ಅನ್ನಬಾರದು. ಡಾಕ್ಟರು ಎಡಿಎಚ್‌ಡಿ ಅಂತ ಹೇಳಬೇಕಾದರೆ ಲಕ್ಷಣಗಳು ಕನಿಷ್ಠ ಎರಡು ಕಡೆ ಕಾಣಬೇಕು. ಮನೆಯಲ್ಲಿ ಮಾತ್ರ ಕಂಡರೆ ಸಾಲದು, ಶಾಲೆಯಲ್ಲಿ ಮಾತ್ರ ಕಂಡರೂ ಸಾಲದು. 12 ವರ್ಷಕ್ಕಿಂತ ಮೊದಲೇ ಶುರುವಾಗಿರಬೇಕು. ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ನೋಡಿದವರು ಹೇಳಬೇಕು. ದಿನಕ್ಕೆ ಆರು ಗಂಟೆ ಮಗುವನ್ನು ನೋಡುವವರು ಟೀಚರ್. ಅದಕ್ಕೇ ಡಾಕ್ಟರು ಶಾಲೆಗೆ ಅಂತಲೇ ಒಂದು ಫಾರ್ಮ್ ಕೊಡುತ್ತಾರೆ.

ನಮ್ಮ ಡಾಕ್ಟರು ಎರಡು ಫಾರ್ಮ್ ಕೊಟ್ಟರು. ಒಂದು ಕ್ಲಾಸ್ ಟೀಚರಿಗೆ, ಇನ್ನೊಂದು ಬೇರೆ ಯಾರಿಗಾದರೂ. ಕ್ಲಾಸ್ ಮಿಸ್ ಕೊಟ್ಟ ಫಾರ್ಮ್ ಈಗಲೂ ನನ್ನ ಫೈಲಿನಲ್ಲಿದೆ. ಎಲ್ಲ ಪ್ರಶ್ನೆಗೂ 'ಯಾವಾಗಲೂ' ಅನ್ನುವ ಕಡೆಯ ಕಾಲಂನಲ್ಲಿ ಟಿಕ್. ಟಿಕ್‌ಗಳು ಒಂದರ ಕೆಳಗೆ ಒಂದು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. 'ಮಗು ಬೇಕಂತಲೇ ಬೇರೆಯವರ ವಸ್ತು ಹಾಳುಮಾಡುತ್ತದೆಯೇ' ಅನ್ನುವುದಕ್ಕೂ ಯಾವಾಗಲೂ. ನನ್ನ ಮಗ ಹಾಗಲ್ಲ. ಇನ್ನೊಂದು ಫಾರ್ಮನ್ನು ಡ್ರಾಯಿಂಗ್ ಮಿಸ್ ತುಂಬಿದರು. ಅವರ ಟಿಕ್‌ಗಳು ಅಲ್ಲೊಂದು ಇಲ್ಲೊಂದು ಇದ್ದವು. ಹಿಂದಿನ ಖಾಲಿ ಪುಟದಲ್ಲಿ ಕನ್ನಡದಲ್ಲಿ, ಸಣ್ಣ ಅಕ್ಷರದಲ್ಲಿ, ಹದಿನೈದು ಸಾಲು ಬರೆದಿದ್ದರು. ಮೊದಲ ಎರಡು ಪೀರಿಯಡ್ ಪರವಾಗಿಲ್ಲ, ಮೂರನೆಯದರಿಂದ ಕಷ್ಟ. ಕಿಟಕಿ ಪಕ್ಕ ಕೂತ ದಿನ ಕೆಲಸ ಏನೂ ಆಗುವುದಿಲ್ಲ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡನೆಯದು ಮರೆಯುತ್ತಾನೆ. ಬಣ್ಣದ ಡಬ್ಬಿ ಎಲ್ಲರಿಗೂ ಹಂಚು ಅಂತ ಕೊಟ್ಟರೆ ತುಂಬ ಚೆನ್ನಾಗಿ ಮಾಡುತ್ತಾನೆ. ಬೈದರೆ ನಗುತ್ತಾನೆ, ಆದರೆ ಆಮೇಲೆ ಉಗುರು ಕಚ್ಚುತ್ತಾನೆ.

ಡಾಕ್ಟರು ಅದನ್ನು ಎರಡು ಸಲ ಓದಿದರು. "ನಂಗೆ ಬೇಕಾಗಿದ್ದು ಇದು" ಅಂದರು.

ಶಾಲೆಗೆ ಇರುವ ದೊಡ್ಡ ಶಕ್ತಿ ಇದೇ. ನೋಡುವುದು, ನೋಡಿದ್ದನ್ನು ಸರಿಯಾಗಿ ಹೇಳುವುದು. 1999ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನದ ವರದಿ ಬಂತು. 579 ಮಕ್ಕಳು, 14 ತಿಂಗಳ ಚಿಕಿತ್ಸೆ. ಪ್ರತಿ ತಿಂಗಳೂ ಮಗುವನ್ನು ನೋಡಿ, ಟೀಚರ್ ಹತ್ತಿರವೂ ವಿಚಾರಿಸಿ, ಡೋಸ್ ಹೊಂದಿಸುತ್ತಾ ಹೋದ ಗುಂಪಿನ ಮಕ್ಕಳ ಲಕ್ಷಣಗಳು, ಹೊರಗೆ ಎಲ್ಲೋ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಹತೋಟಿಗೆ ಬಂದವು. ಆ ಮಾಮೂಲಿ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮಾತ್ರೆ ತಗೊಳ್ಳುತ್ತಿದ್ದರು ಅನ್ನುವುದು ಗಮನಿಸಬೇಕಾದ ವಿಷಯ. ಮಾತ್ರೆ ಎರಡೂ ಕಡೆ ಇದ್ದರೂ ಫಲ ಬೇರೆ ಆಯಿತು. ಅಂದರೆ ಟೀಚರ್ ಹೇಳುವ ಮಾತು ಚಿಕಿತ್ಸೆಯ ಒಂದು ಭಾಗವೇ.

ಈಗ ಡೋಸ್ ವಿಷಯಕ್ಕೆ ಬರುತ್ತೇನೆ. ಜಾಸ್ತಿ ಮಕ್ಕಳಿಗೆ ಕೊಡುವುದು ಮಿಥೈಲ್‌ಫೆನಿಡೇಟ್. ರಿಟಾಲಿನ್ ಅಂತ ಹೊರದೇಶಗಳಲ್ಲಿ ಹೆಸರಾಗಿದ್ದು ಇದೇ. ಇದರ ಸಾಧಾರಣ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಎಂಟಕ್ಕೆ ಕೊಟ್ಟರೆ ಹನ್ನೆರಡರ ಹೊತ್ತಿಗೆ ಇಳಿದುಹೋಗುತ್ತದೆ. ಊಟದ ನಂತರ ಗಣಿತ ಇದ್ದರೆ ಮಧ್ಯಾಹ್ನ ಇನ್ನೊಂದು ಬೇಕು. ಇಡೀ ದಿನ ಬರುವ ಮಾತ್ರೆಯೂ ಸಿಗುತ್ತದೆ. ನಮ್ಮ ಹುಡುಗನಿಗೆ ಅದನ್ನು ಕೊಟ್ಟಾಗ ರಾತ್ರಿ ಹನ್ನೊಂದಾದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಅದಕ್ಕೆ ಡಾಕ್ಟರು ಸಣ್ಣ ಮಾತ್ರೆಯನ್ನೇ ಎರಡು ಹೊತ್ತು ಮಾಡಿದರು.

ಜೂನ್‌ನಲ್ಲಿ ಡಾಕ್ಟರ ಪತ್ರ ಹಿಡಿದುಕೊಂಡು ಶಾಲೆಗೆ ಹೋದೆ. ಮಧ್ಯಾಹ್ನದ ಒಂದು ಮಾತ್ರೆ ಆಫೀಸಿನಲ್ಲಿ ಇಟ್ಟುಕೊಂಡು ಕೊಡಿ ಅಂತ ಕೇಳಿದೆ. "ನಮ್ಮಲ್ಲಿ ಮೆಡಿಸಿನ್ ಕೊಡೋ ಪಾಲಿಸಿ ಇಲ್ಲ ಮೇಡಂ" ಅಂದರು. ಹಾಗಾದರೆ ಅವನ ಬ್ಯಾಗಿನಲ್ಲೇ ಇಟ್ಟು ಕಳಿಸಲಾ ಅಂದೆ. ಅದೂ ಆಗುವುದಿಲ್ಲ, ಬೇರೆ ಮಗು ನುಂಗಿದರೆ ಯಾರು ಜವಾಬ್ದಾರಿ? ಆ ಎರಡನೇ ಮಾತು ಸರಿ, ಅದನ್ನು ನಾನೂ ಒಪ್ಪುತ್ತೇನೆ. ಇದು ಸುಮ್ನೆ ಜ್ವರದ ಮಾತ್ರೆ ಅಲ್ಲ. ನಮ್ಮ ದೇಶದಲ್ಲಿ ಇದು ಷೆಡ್ಯೂಲ್ ಎಕ್ಸ್ ಔಷಧಿ. ಡಾಕ್ಟರು ಚೀಟಿಯನ್ನು ಎರಡು ಪ್ರತಿ ಬರೆಯಬೇಕು, ಒಂದನ್ನು ಮೆಡಿಕಲ್ ಶಾಪಿನವರು ಎರಡು ವರ್ಷ ಇಟ್ಟುಕೊಳ್ಳಬೇಕು, ಔಷಧಿಯನ್ನು ಬೀಗ ಹಾಕಿ ಇಡಬೇಕು. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದರ ಹೆಸರಿದೆ. ಹಾಗಾಗಿ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ನಾನು ಮೂರು ಏರಿಯಾ ದಾಟಿ ಹೋಗಿ ತರುತ್ತೇನೆ. ಹೆಸರು ಕೇಳಿದ ತಕ್ಷಣ ಶಾಲೆಯವರು ಹೆದರಿದ್ದು ನನಗೆ ಅರ್ಥವಾಗುತ್ತದೆ. ಆದರೆ ಡಾಕ್ಟರ ಚೀಟಿ ಇರುವ ಮಗುವಿನ ಔಷಧಿಯಲ್ಲಿ ಕದ್ದುಮುಚ್ಚುವಂಥದ್ದು ಏನೂ ಇಲ್ಲ. ಮತ್ತೆ, ಇಷ್ಟು ಹೆದರಿಕೆ ಇರುವ ಔಷಧಿಯನ್ನು "ಶುರು ಮಾಡಿಸಿ" ಅಂತ ಡಾಕ್ಟರಿಗಿಂತ ಮೊದಲು ಹೇಳುವಾಗ ಆ ಹೆದರಿಕೆ ಎಲ್ಲಿತ್ತು?

ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮಗಳ ಕ್ಲಾಸಿನಲ್ಲಿ ಇದೇ ಮಾತ್ರೆ ತಗೊಳ್ಳುವ ಒಬ್ಬ ಹುಡುಗ ಇದ್ದಾನೆ. ಅಲ್ಲಿ ಹೇಗೆ ಅಂತ ಕೇಳಿದೆ. ಶಾಲೆಯಲ್ಲಿ ನರ್ಸ್ ಇರುತ್ತಾರೆ. ಡಾಕ್ಟರ ಆರ್ಡರ್, ತಂದೆತಾಯಿಯ ಸಹಿ, ಎರಡೂ ಬೇಕು. ಔಷಧಿ ಅಂಗಡಿಯಿಂದ ಬಂದ ಡಬ್ಬಿಯಲ್ಲೇ ಇರಬೇಕು, ದೊಡ್ಡವರೇ ತಂದುಕೊಡಬೇಕು. ನರ್ಸ್ ಅದನ್ನು ಬೀಗದ ಕಪಾಟಿನಲ್ಲಿಟ್ಟು, ಕೊಟ್ಟಾಗಲೆಲ್ಲ ಬರೆದಿಡುತ್ತಾರೆ. ಹುಡುಗ ಊಟಕ್ಕೆ ಮೊದಲು ನರ್ಸ್ ರೂಮಿಗೆ ಹೋಗಿ ಬರುತ್ತಾನೆ, ಅಷ್ಟೇ. "ಅಕ್ಕಾ, ಅದಕ್ಕೆ ನೀನು ದಿನಾ ಸ್ಕೂಟರ್ ಓಡಿಸ್ತೀಯಾ?" ಅಂತ ಅವಳು ಕೇಳಿದಾಗ ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ.

ಆದರೆ ಅಲ್ಲೂ ಇದು ಸುಮ್ನೆ ಬಂದಿದ್ದಲ್ಲ. ಅಲ್ಲಿ ಮಾತ್ರೆ ಕೊಡಿಸಲೇಬೇಕು ಅಂತ ಶಾಲೆಗಳು ತಂದೆತಾಯಿಯನ್ನು ಒತ್ತಾಯಿಸಿದ ದೊಡ್ಡ ಚರಿತ್ರೆಯೇ ಇದೆ. 2000ದಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಕಡೆ ಒಂದು ದಂಪತಿ, ಮಗನಿಗೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂತ ಮಾತ್ರೆ ನಿಲ್ಲಿಸಲು ಹೊರಟರು. ಶಾಲೆ ಅವರ ಮೇಲೆ ಮಕ್ಕಳ ರಕ್ಷಣೆ ನೋಡಿಕೊಳ್ಳುವ ಇಲಾಖೆಗೆ ದೂರು ಕೊಟ್ಟಿತು. ವಿಷಯ ಕೋರ್ಟಿಗೆ ಹೋಯಿತು. ಇಂಥವು ಪತ್ರಿಕೆಗಳಲ್ಲಿ ಬಂದು ಗಲಾಟೆಯಾದ ಮೇಲೆ 2001ರಲ್ಲಿ ಕನೆಕ್ಟಿಕಟ್ ರಾಜ್ಯ, ಇಂಥ ಔಷಧಿ ಕೊಡಿಸಿ ಅಂತ ಶಾಲೆಯವರು ಸಲಹೆ ಮಾಡಬಾರದು ಅನ್ನುವ ಕಾನೂನು ತಂದಿತು. 2004ರಲ್ಲಿ ಇಡೀ ದೇಶಕ್ಕೆ ಒಂದು ನಿಯಮ ಬಂತು. ಇಂಥ ನಿಯಂತ್ರಿತ ಔಷಧಿ ತಗೊಂಡರೆ ಮಾತ್ರ ಶಾಲೆಗೆ ಬಾ, ತಗೊಂಡರೆ ಮಾತ್ರ ಪರೀಕ್ಷೆ ಮಾಡಿಸುತ್ತೇವೆ, ಸೌಲಭ್ಯ ಕೊಡುತ್ತೇವೆ ಅಂತ ಶಾಲೆಯವರು ಷರತ್ತು ಹಾಕುವ ಹಾಗಿಲ್ಲ. ಅದೇ ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ. ಕ್ಲಾಸಿನಲ್ಲಿ ತಾವು ಕಂಡಿದ್ದನ್ನು ಟೀಚರ್ ತಂದೆತಾಯಿಗೆ ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಡ್ರಾಯಿಂಗ್ ಮಿಸ್ ಮಾಡಿದ್ದು ಇದನ್ನೇ. ಪ್ರಿನ್ಸಿಪಾಲ್ ಮಾಡಿದ್ದು ಮೊದಲನೆಯದನ್ನು.

ನಮ್ಮಲ್ಲಿ ಇಂಥ ನೇರವಾದ ಸಾಲು ಕಾಯ್ದೆಯಲ್ಲಿಲ್ಲ. ಆದರೆ ಕೈಗೆ ಏನೂ ಇಲ್ಲ ಅಂದುಕೊಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಒಂದರಿಂದ ಎಂಟನೇ ಕ್ಲಾಸಿನ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಐದು ಮತ್ತು ಎಂಟನೇ ಕ್ಲಾಸಿನಲ್ಲಿ ಫೇಲ್ ಮಾಡಬಹುದು ಅಂತಾಯಿತು, ಹೊರಗೆ ಹಾಕಬಾರದು ಅನ್ನುವುದು ಹಾಗೇ ಉಳಿಯಿತು. 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಖಾಸಗಿ ಶಾಲೆಗೂ ಇದು ಅನ್ವಯ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ಅಲ್ಲಿ ಓದುವ ಮಕ್ಕಳ ತಂದೆತಾಯಿ ಅದನ್ನು ತಿಳಿದಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಹೆಸರು ಬೇರೆಯಾಗಿ ಇಲ್ಲ. ಆದರೆ ಕಲಿಕೆಯ ತೊಂದರೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಕಲಿಕೆಯ ತೊಂದರೆಯೂ ಜೊತೆಗಿರುತ್ತದೆ, ಅದನ್ನೂ ಪರೀಕ್ಷೆ ಮಾಡಿಸಿ. ಇದೆಲ್ಲ ನನಗೆ ಆ ಜನವರಿಯಲ್ಲಿ ಗೊತ್ತಿದ್ದಿದ್ದರೆ, ಟಿಸಿ ಅನ್ನುವ ಮಾತು ಬಂದಾಗ "ಅದನ್ನ ಬರೆದು ಕೊಡಿ ಸರ್" ಅನ್ನುತ್ತಿದ್ದೆ. ಗೊತ್ತಿರಲಿಲ್ಲ. ಕಾಫಿ ಕುಡಿದು, ಸರಿ ಸರ್ ಅಂತ ಎದ್ದು ಬಂದೆ.

ಆ ವರ್ಷ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಗೇಟ್ ಅಲ್ಲ.

ಅಕ್ಟೋಬರ್‌ನಲ್ಲಿ ಮಗನ ತೂಕ ಎರಡು ಕಿಲೋ ಇಳಿದಿತ್ತು. ಟಿಫಿನ್ ಡಬ್ಬಿ ದಿನಾ ಹಾಗೇ ವಾಪಸ್ ಬರುತ್ತಿತ್ತು. ಚಿತ್ರಾನ್ನ ಅಂದರೆ ಪ್ರಾಣ ಬಿಡುವ ಹುಡುಗ. ಸಂಜೆ ಡಬ್ಬಿ ತೆರೆದರೆ ಅನ್ನದ ಮೇಲಿನ ಕಡಲೆಬೀಜವೂ ಅಲ್ಲಾಡಿರುತ್ತಿರಲಿಲ್ಲ. ಹಸಿವು ಕಡಿಮೆಯಾಗುವುದು ಈ ಔಷಧಿಯ ಗೊತ್ತಿರುವ ತೊಂದರೆ. ಅದಕ್ಕೇ ಡಾಕ್ಟರು ತೂಕ, ಎತ್ತರ ನೋಡುತ್ತಲೇ ಇರುತ್ತಾರೆ. ಅವರು ಬೆಳಗಿನ ಡೋಸ್ ಕಡಿಮೆ ಮಾಡಿದರು. ಎರಡೇ ದಿನಕ್ಕೆ ಶಾಲೆಯಿಂದ ಫೋನ್. "ಡೋಸ್ ಏನಾದ್ರೂ ಕಡಿಮೆ ಮಾಡಿದ್ರಾ? ಹೋದ ವಾರ ಎಷ್ಟು ಸೈಲೆಂಟಾಗಿದ್ದ! ದಯವಿಟ್ಟು ಮೊದಲಿನಷ್ಟೇ ಕೊಡಿ." ತೂಕದ ವಿಷಯ ಹೇಳಿದೆ. "ಅದು ಸರಿ, ಆದ್ರೂ..." ಅಂದರು.

ಆ 'ಆದ್ರೂ' ನನ್ನ ಕಿವಿಯಲ್ಲಿ ಇನ್ನೂ ಇದೆ. ಎರಡು ಕಿಲೋ ಇಳಿದ ಮಗುವನ್ನು ಒಂದು ಕಡೆ ಇಟ್ಟು, ಸದ್ದಿಲ್ಲದ ಕ್ಲಾಸನ್ನು ಇನ್ನೊಂದು ಕಡೆ ಇಟ್ಟು ತೂಗುವ ಮಾತು ಅದು. ಮಾತ್ರೆ ಕೊಡುವುದು ಮಗು ಓದಲಿ, ಕತೆ ಮುಗಿಸಲಿ, ಗೆಳೆಯರ ಜೊತೆ ಆಡಲಿ ಅಂತ. ಕ್ಲಾಸ್ ಸೈಲೆಂಟಾಗಿರಲಿ ಅಂತ ಅಲ್ಲ. ಇವೆರಡೂ ಒಂದೇ ಅಂತ ಶಾಲೆ ತಿಳಿದುಕೊಂಡರೆ ಡೋಸ್ ಏರುತ್ತಲೇ ಹೋಗುತ್ತದೆ.

ಇದಕ್ಕೆ ಸಾಕ್ಷಿ ಬೇಕಾದರೆ ನನ್ನ ಗೆಳತಿಯ ಮಗಳನ್ನು ನೋಡಿ. ಅವಳಿಗೂ ಎಡಿಎಚ್‌ಡಿ. ಆದರೆ ಅವಳು ಓಡಾಡುವುದಿಲ್ಲ, ಮಾತಾಡುವುದಿಲ್ಲ. ಕಿಟಕಿ ಆಚೆ ನೋಡುತ್ತಾ ಕೂರುತ್ತಾಳೆ. ಏಳನೇ ಕ್ಲಾಸಿನವರೆಗೆ ಯಾವ ಶಾಲೆಯೂ ಅವಳ ತಾಯಿಯನ್ನು ಕರೆಸಲಿಲ್ಲ. 'ಒಳ್ಳೆ ಹುಡುಗಿ, ಸ್ವಲ್ಪ ಡಲ್' ಅಂತ ರಿಪೋರ್ಟ್ ಕಾರ್ಡಿನಲ್ಲಿ ಬರೆದು ಕಳಿಸಿದರು. ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ ಅಂತ ಜಗತ್ತಿನ ಲೆಕ್ಕ. 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು ಅಂತಾಯಿತು. ಆ ಇಬ್ಬರಲ್ಲಿ ಗಲಾಟೆ ಮಾಡುವ ಮಗುವಿಗೆ ಮಾತ್ರೆಯ ಒತ್ತಾಯ, ಸುಮ್ಮನೆ ಕೂತ ಮಗುವಿಗೆ ಏನೂ ಇಲ್ಲ.

ಇನ್ನೊಂದು ವಿಷಯ. ನವೆಂಬರ್‌ನಲ್ಲಿ ಒಂದು ಸಂಜೆ ಮಗ ಬ್ಯಾಗ್ ಬಿಸಾಡಿ ಬಾಗಿಲ ಹಿಂದೆ ಹೋಗಿ ಕೂತ. ಎಷ್ಟು ಕೇಳಿದರೂ ಮಾತಿಲ್ಲ. ರಾತ್ರಿ ಮಲಗುವಾಗ ಹೇಳಿದ. ಗಣಿತದಲ್ಲಿ ಭಾಗಾಕಾರದ ಹತ್ತು ಲೆಕ್ಕಕ್ಕೆ ಹತ್ತೂ ಸರಿ ಬಂದಿತ್ತಂತೆ. ಮಿಸ್ ಎಲ್ಲರ ಮುಂದೆ "ಗುಡ್, ಇವತ್ತು ಟ್ಯಾಬ್ಲೆಟ್ ಚೆನ್ನಾಗಿ ಕೆಲಸ ಮಾಡಿದೆ" ಅಂದರಂತೆ. ಎಲ್ಲರೂ ನಕ್ಕರಂತೆ. "ಲೆಕ್ಕ ಮಾಡಿದ್ದು ನಾನು ಅಮ್ಮ. ಮಿಸ್ ಗುಡ್ ಅಂದಿದ್ದು ಮಾತ್ರೆಗೆ." ಮರುದಿನದಿಂದ ಹುಡುಗರು ಅವನನ್ನು 'ಟ್ಯಾಬ್ಲೆಟ್' ಅಂತ ಕರೆಯಲು ಶುರು ಮಾಡಿದರು. ಅದಾದ ಮೇಲೆ ಗೇಟಿಗೆ ಬರುವಾಗ ಅವನು ಓಡಿ ಬರುತ್ತಿರಲಿಲ್ಲ. ಹಿಂದೆ ಯಾರಾದರೂ ನೋಡುತ್ತಿದ್ದಾರಾ ಅಂತ ತಿರುಗಿ ತಿರುಗಿ ನೋಡುತ್ತಾ ಬರುತ್ತಿದ್ದ.

ಮಗುವಿನ ಔಷಧಿ ಮಗುವಿನ ಗುಟ್ಟು. ಅದನ್ನು ಶಾಲೆಗೆ ತಿಳಿಸುವುದು ನಂಬಿಕೆಯಿಂದ. ಇಡೀ ಕ್ಲಾಸಿನ ಮುಂದೆ ಹೇಳುವ ಅಧಿಕಾರವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ.

ಟೀಚರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಆ ಮಿಸ್ ಕ್ಲಾಸಿನಲ್ಲಿ 44 ಮಕ್ಕಳಿದ್ದರು, ಸಹಾಯಕ್ಕೆ ಯಾರೂ ಇಲ್ಲ, ಪೋರ್ಷನ್ ಮುಗಿಸಬೇಕು. ನನ್ನ ಒಬ್ಬ ಮಗನನ್ನು ಸಂಭಾಳಿಸಿ ನಾನೇ ಸುಸ್ತಾಗುತ್ತೇನೆ. ಅವರಿಗೆ ಈ ವಿಷಯದಲ್ಲಿ ಯಾರೂ ಒಂದು ದಿನದ ತರಬೇತಿಯನ್ನೂ ಕೊಟ್ಟಿರಲಿಲ್ಲ. ಆದರೆ ಶಾಲೆಯ ಕೈಯಲ್ಲೇ ಇರುವ, ಯಾವ ಡಾಕ್ಟರ ಚೀಟಿಯೂ ಬೇಡದ ಕೆಲಸಗಳಿವೆ. ಮುಂದಿನ ಬೆಂಚು. ಕಿಟಕಿಯಿಂದ ದೂರ. ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು. ನೋಟ್‌ಬುಕ್ ಹಂಚಲು, ಡಸ್ಟರ್ ತರಲು ಎಬ್ಬಿಸುವುದು. ಟೆಸ್ಟಿಗೆ ಹತ್ತು ನಿಮಿಷ ಜಾಸ್ತಿ. ಇವುಗಳಲ್ಲಿ ಒಂದನ್ನೂ ಮಾಡದೆ ನೇರ ಮಾತ್ರೆಗೇ ಹೋಗುವುದು ತಪ್ಪು.

ಇದರ ಉಲ್ಟಾ ಶಾಲೆಗಳನ್ನೂ ನೋಡಿದೆ. ಬೇರೆ ಶಾಲೆ ಹುಡುಕುವಾಗ ಒಂದು ಕಡೆ "ಮಾತ್ರೆ ತಗೊಳ್ಳೋ ಮಕ್ಕಳನ್ನ ನಾವು ಸೇರಿಸ್ಕೊಳ್ಳಲ್ಲ" ಅಂದರು. ಇನ್ನೊಂದು ಕಡೆ, "ಮಾತ್ರೆ ಎಲ್ಲ ನಿಲ್ಲಿಸಿಬಿಡಿ, ನಮ್ಮಲ್ಲಿ ಯೋಗ ಮಾಡಿಸ್ತೀವಿ, ಮೂರು ತಿಂಗಳಲ್ಲಿ ಸರಿ ಮಾಡ್ತೀವಿ" ಅಂದರು. ಕೊಡಿಸಿ ಅನ್ನುವುದು, ನಿಲ್ಲಿಸಿ ಅನ್ನುವುದು, ಎರಡೂ ಶಾಲೆಯ ಕೆಲಸ ಅಲ್ಲ. ಮಾತ್ರೆ ಬೇಕಾ, ಎಷ್ಟು, ಎಲ್ಲಿಯವರೆಗೆ ಅನ್ನುವುದನ್ನು ಡಾಕ್ಟರು ಮತ್ತು ಮನೆಯವರು ಕೂತು, ಮಗುವನ್ನೂ ಕೇಳಿ, ತೀರ್ಮಾನಿಸಬೇಕು. ತೀರ್ಮಾನವಾದ ಮೇಲೆ ಶಾಲೆಯ ಹೊತ್ತಿನಲ್ಲಿ ಅದನ್ನು ಕೊಡುವುದಕ್ಕೆ ಶಾಲೆ ದಾರಿ ಮಾಡಬೇಕು. ಆಸ್ತಮಾ ಇರುವ ಮಗುವಿಗೆ ಇನ್‌ಹೇಲರ್ ಕೊಡಲ್ಲ ಅಂತ ಯಾವ ಟೀಚರೂ ಅನ್ನುವುದಿಲ್ಲ, ಅಲ್ವಾ?

ಈ ಜೂನ್‌ನಲ್ಲಿ ಮಗ ಬೇರೆ ಶಾಲೆಗೆ ಸೇರಿದ. ಮನೆಗೆ ದೂರ, ಕಟ್ಟಡ ಹಳೇದು, ಎಸಿ ಬಸ್ ಇಲ್ಲ. ಸೇರಿಸುವ ಮೊದಲೇ ನಾನು ಒಂದು ಪುಟದ ಕಾಗದ ಮಾಡಿಕೊಂಡು ಹೋಗಿದ್ದೆ. ಮಗುವಿಗೆ ಏನಿದೆ, ಮಾತ್ರೆ ಯಾವುದು, ಎಷ್ಟು ಗಂಟೆಗೆ, ತಪ್ಪಿಹೋದರೆ ಏನು ಮಾಡಬೇಕು (ಎರಡು ಒಟ್ಟಿಗೆ ಕೊಡಬಾರದು, ನನಗೆ ಫೋನ್ ಮಾಡಬೇಕು), ಯಾರ ಹತ್ತಿರ ಇರಬೇಕು, ಕ್ಲಾಸಿನಲ್ಲಿ ಯಾರೂ ಇದರ ಬಗ್ಗೆ ಮಾತಾಡಬಾರದು, ಡೋಸ್ ಬದಲಾದರೆ ಡಾಕ್ಟರ ಪತ್ರ ಬರುತ್ತದೆ. ಕೆಳಗೆ ಡಾಕ್ಟರ ಸಹಿ, ನನ್ನ ಸಹಿ, ಅವನ ಅಪ್ಪನ ಸಹಿ, ಶಾಲೆಯ ಸಹಿಗೆ ಜಾಗ. ಹೆಡ್ ಮಿಸ್ ಪೂರ್ತಿ ಓದಿದರು. ಒಂದೇ ಪ್ರಶ್ನೆ ಕೇಳಿದರು: "ಊಟ ಮಾಡಿ ತಗೋಬೇಕಾ, ಖಾಲಿ ಹೊಟ್ಟೆಗಾ?" ಆಮೇಲೆ ಸಹಿ ಮಾಡಿದರು. ವಾರಕ್ಕೆ ಐದು ಮಾತ್ರೆ ಸೋಮವಾರ ಎಣಿಸಿ ಕೊಡುತ್ತೇನೆ, ಶನಿವಾರ ರಜೆ. ಆಫೀಸಿನ ಬೀರುವಿನಲ್ಲಿ ಇರುತ್ತದೆ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಆಫೀಸಿನ ಅಕ್ಕ ತಾರೀಖು, ಸಮಯ ಬರೆದು ಸಹಿ ಮಾಡುತ್ತಾರೆ. ಹೋದ ವಾರ ನೋಡಿದರೆ ಒಂದು ಸಾಲಿನ ಪಕ್ಕ 'ಇವತ್ತು ಡಬ್ಬಿ ಖಾಲಿ ಮಾಡಿದ್ದಾನೆ' ಅಂತಲೂ ಬರೆದಿದ್ದರು. ಯಾರೂ ಹೇಳಿರಲಿಲ್ಲ ಅವರಿಗೆ ಅದನ್ನು ಬರೆಯಿರಿ ಅಂತ.

ಆ ಕಾಗದ ಕನ್ನಡದಲ್ಲೇ ಇದೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಹೆಸರು ತೆಗೆದು ಕಳಿಸುತ್ತೇನೆ, ನಿಮ್ಮ ಮಗುವಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ. ಖಾಸಗಿ ಡಾಕ್ಟರಿಗೆ ತೋರಿಸುವ ಅನುಕೂಲ ಇಲ್ಲದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಶಾಲೆಯವರು ಟಿಸಿ ಅಂತ ಹೆದರಿಸಿದರೆ ಮೊದಲು ಲಿಖಿತವಾಗಿ ಕೇಳಿ, ಆಮೇಲೆ ಬಿಇಒ ಕಚೇರಿಗೆ, ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ. ಕಾಗದಕ್ಕೆ ಡಾಕ್ಟರ ಸಹಿಯ ಜೊತೆ ಸೀಲನ್ನೂ ಹಾಕಿಸಿ. ನನ್ನದನ್ನು ಸೀಲ್ ಇಲ್ಲ ಅಂತ ಒಂದು ಸಲ ವಾಪಸ್ ಕಳಿಸಿದ್ದರು.